ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿ ಸೂಚಿಪರ್ಣಿ ಕಾಡು: ಸಸ್ಯ ಸಮುದಾಯಗಳನ್ನು ವರ್ಗೀಕರಿಸುವ ಬಗೆ

ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ರೆಡ್‌ವುಡ್, ಸಿಟ್ಕಾ ಸ್ಪ್ರೂಸ್, ಡಗ್ಲಸ್ ಫರ್, ವೆಸ್ಟರ್ನ್ ಹೆಮ್ಲಾಕ್ ಮತ್ತು ಗ್ರ್ಯಾಂಡ್ ಫರ್ ಎಂಬ ಸೂಚಿಪರ್ಣಿ (ಸೂಜಿಯೆಲೆಯ) ಮರಗಳು ಒಂದರೊಳಗೊಂದು ಬೆರೆತು ಬೆಳೆಯುತ್ತವೆ. ಹಾಗಾಗಿ ಒಂದು ಸಸ್ಯ ಸಮುದಾಯ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಿಬಿಡುವುದು ಸುಲಭವಲ್ಲ, ಅಳತೆ ಬೇಕು.

ಮೊದಲು ಸುಮಾರು 1000 ಚದರ ಮೀಟರಿನ ತಾಕನ್ನು (ಅಳತೆಗೆ ಆರಿಸಿದ ನೆಲದ ತುಂಡನ್ನು) ಗುರುತಿಸಿಕೊಳ್ಳಬೇಕು. ನದಿಯಂಚಿನ ಮೆಕ್ಕಲು ಬಯಲಿನಲ್ಲಿ ಬಹುಪಾಲು ರೆಡ್‌ವುಡ್ ಒಂದೇ ನಿಂತಿದ್ದರೆ, ಪಕ್ಕದ ಇಳಿಜಾರಿನಲ್ಲಿ ಅದರೊಡನೆ ಡಗ್ಲಸ್ ಫರ್ ಮತ್ತು ಟ್ಯಾನ್‌ಓಕ್ ಎಂಬ ಅಗಲ ಎಲೆಯ ಮರ ಸೇರಿರುತ್ತವೆ. ತಾಕು ಈ ಎರಡರ ಮೇಲೂ ಹಾದುಹೋದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಮರಗಳ ಗುರುತಿಗೆ ಎಲೆ, ಕಾಯಿ ಎರಡನ್ನೂ ನೋಡಬೇಕು. ಸಿಟ್ಕಾ ಸ್ಪ್ರೂಸ್‌ನ ಎಲೆ ಕೈಗೆ ಚುಚ್ಚುತ್ತದೆ, ತೊಗಟೆ ಹಕ್ಕಳೆಯಾಗಿ ಏಳುತ್ತದೆ. ಹೆಮ್ಲಾಕ್‌ನ ತುದಿಚಿಗುರು ಬಾಗಿರುತ್ತದೆ, ಒಂದೇ ರೆಂಬೆಯಲ್ಲಿ ಉದ್ದ ಗಿಡ್ಡ ಎಲೆಗಳು ಬೆರೆತಿರುತ್ತವೆ. ಡಗ್ಲಸ್ ಫರ್ ಕಾಯಿಯ ಚಕ್ಕೆಗಳ ನಡುವಿನಿಂದ ಮೂರು ಮೊನೆಯ, ಪುಟ್ಟ ಎಲೆಯಂಥ ಪತ್ರಕಗಳು ಹೊರಚಾಚಿರುತ್ತವೆ. ಗ್ರ್ಯಾಂಡ್ ಫರ್‌ನ ಕಾಯಿಗಾಗಿ ನೆಲವನ್ನು ಹುಡುಕಿ ಫಲವಿಲ್ಲ, ಅದು ಮರದ ಮೇಲೆಯೇ ಬಿಡಿಬಿಡಿಯಾಗಿ ಉದುರಿಹೋಗುತ್ತದೆ.

ಬಳಿಕ ಪ್ರತಿ ಜಾತಿಯ ನೆತ್ತಿಹರವು (ಮೇಲಿನ ಕೊಂಬೆ, ಎಲೆಗಳ ಹರವು) ನೆಲದ ಎಷ್ಟು ಭಾಗದ ಮೇಲೆ ಕವಿದಿದೆ ಎಂದು ಅಂದಾಜಿಸಬೇಕು. ಹೊಸಬರು ಎಡವುವುದು ಇಲ್ಲಿಯೇ: ರೆಡ್‌ವುಡ್‌ನ ದೈತ್ಯ ಕಾಂಡ ಕಣ್ಣು ತುಂಬುವುದರಿಂದ ಅದರ ಪಾಲು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತಾಕೊಂದರಲ್ಲಿ ಡಗ್ಲಸ್ ಫರ್ 38%, ರೆಡ್‌ವುಡ್ 32%, ಹೆಮ್ಲಾಕ್ 10% ಕವಿದಿವೆ ಎಂದುಕೊಳ್ಳೋಣ. ಒಟ್ಟು 80ರಲ್ಲಿ ರೆಡ್‌ವುಡ್‌ನ ಸಾಪೇಕ್ಷ ಪಾಲು 40%. ಡಗ್ಲಸ್ ಫರ್ ಮುಂದಿದ್ದರೂ ಈ ತಾಕು ರೆಡ್‌ವುಡ್ ಅಲಯನ್ಸ್‌ಗೆ (ಮುಖ್ಯ ಮರದ ಹೆಸರಿನಿಂದ ಗುರುತಿಸುವ ಸಸ್ಯ ವರ್ಗಕ್ಕೆ) ಸೇರುತ್ತದೆ. ಏಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಬಳಕೆಯಲ್ಲಿರುವ ನಿಯಮದಂತೆ ಬೇರೆ ಸೂಚಿಪರ್ಣಿಗಳ ಜೊತೆಗಿರುವ ರೆಡ್‌ವುಡ್‌ಗೆ 30% ಮೀರಿದ ಪಾಲು ಸಾಕು. ಒಂದು ಮರಕ್ಕೆ ಹೀಗೆ ರಿಯಾಯಿತಿ ಕೊಡುವುದು ಪಕ್ಷಪಾತವೆನಿಸಬಹುದು. ಆದರೆ ಕಡಿದ ಬುಡದಿಂದಲೂ ಮತ್ತೆ ಚಿಗುರಿ ನಿಲ್ಲುವ ರೆಡ್‌ವುಡ್ ಆ ನೆಲವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲವಾದ್ದರಿಂದ ನನಗೆ ಅದು ಸರಿಯೆಂದೇ ತೋರುತ್ತದೆ.

ಅಲಯನ್ಸ್ ಗೊತ್ತಾದ ಮೇಲೆ ಅದರೊಳಗಿನ ಅಸೋಸಿಯೇಷನ್ (ಅಲಯನ್ಸ್‌ನ ಒಳವರ್ಗ) ಯಾವುದೆಂದು ಹೇಳುವುದು ಕೆಳಸ್ತರದ ಗಿಡಗಳು. ರೆಡ್‌ವುಡ್ ಸೋರೆಲ್ ಮತ್ತು ಸ್ವೋರ್ಡ್ ಫರ್ನ್ ದಟ್ಟವಾಗಿದ್ದರೆ ತೇವದ ನೆಲ. ಎವರ್‌ಗ್ರೀನ್ ಹಕಲ್‌ಬೆರಿ ಮೇಲುಗೈ ಪಡೆದಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಒಣಗಿದ ಇಳಿಜಾರು. ರೆಡ್ ಆಲ್ಡರ್ ಮರ ಹೆಚ್ಚಾಗಿ ಕಂಡರೆ ಮರ ಕಡಿದ ಅಥವಾ ಮಣ್ಣು ಕುಸಿದ ಗುರುತುಗಳನ್ನು ಹುಡುಕಿ ಟಿಪ್ಪಣಿಯಲ್ಲಿ ಬರೆದಿಡಬೇಕು.

ಹಳೆಯ ದಾಖಲೆಗಳೊಡನೆ ಹೋಲಿಸುವಾಗ ಒಂದು ಎಚ್ಚರ ಬೇಕು. 1959ರ ಮಂಜ್ ಮತ್ತು ಕೆಕ್ ಅವರ ಕ್ಯಾಲಿಫೋರ್ನಿಯಾ ಸಸ್ಯಗಳ ಗ್ರಂಥದಲ್ಲಿ ಉತ್ತರ ಕರಾವಳಿಯ ಸೂಚಿಪರ್ಣಿ ಕಾಡು ಮತ್ತು ರೆಡ್‌ವುಡ್ ಕಾಡು ಎರಡು ಬೇರೆ ಸಮುದಾಯಗಳು. ಆದ್ದರಿಂದ ಹೆಸರನ್ನು ಹಾಗೆಯೇ ಎತ್ತಿಕೊಳ್ಳದೆ, ಅಲ್ಲಿನ ಜಾತಿಪಟ್ಟಿಯನ್ನು ನೋಡಿಯೇ ಇಂದಿನ ವರ್ಗಕ್ಕೆ ಸೇರಿಸಬೇಕು.