ಎರಡು ಪ್ಲೇಟು ತೆಗೆದ ಮೇಲೆ ನಮ್ಮ ಪಿಕಪ್ ಏರು ಹತ್ತಿತು

ನಮ್ಮ ಮನೆ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಹತ್ತಿರ. ಟಾರು ರಸ್ತೆಯಿಂದ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣು ದಾರಿ, ಮನೆಯಿಂದ ಅಡಿಕೆ ತೋಟಕ್ಕೆ ಮುಕ್ಕಾಲು ಕಿಲೋಮೀಟರ್ ಕಡಿದಾದ ಇಳಿಜಾರು. ಜೂನ್ ಕಳೆದರೆ ಅದು ದಾರಿಯೋ ಹಳ್ಳವೋ ಗೊತ್ತಾಗಲ್ಲ. ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಯುವ ಹೊತ್ತಿಗೆ ಮೈಲುತುತ್ತ, ಸುಣ್ಣ, ಪಂಪು, ಪೈಪು ಎಲ್ಲಾ ತಲೆಹೊರೆಯೇ. ಅದಕ್ಕೇ ಒಂದು ಹಳೇ ಮಹೀಂದ್ರ ಪಿಕಪ್ ತಗೊಂಡೆ. ಜೀಪಿನದೇ ಮುಖ, ಫೋರ್ ವೀಲ್ ಡ್ರೈವ್, ಮುಂದೆ ಹಿಂದೆ ಎರಡೂ ಕಡೆ ಇಡೀ ಆಕ್ಸಲ್, ನಾಲ್ಕೂ ಮೂಲೆಗೆ ಪ್ಲೇಟಿನ ಕಮಾನು, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಸ್ಪ್ರಿಂಗ್. ಇವತ್ತಿನ ಗಾಡಿಗಳ ಹಾಗೆ ಕಾಯಿಲ್ ಸ್ಪ್ರಿಂಗ್, ಗೀಯಿಲ್ ಸ್ಪ್ರಿಂಗ್ ಯಾವುದೂ ಇಲ್ಲ. ಸುತ್ತಿಗೆ, ಜಾಕ್, ದೊಡ್ಡ ಸ್ಪಾನರ್ ಇದ್ದರೆ ಅಂಗಳದಲ್ಲೇ ಬಿಚ್ಚಬಹುದು, ಹಾಗಂತ ಬಿಚ್ಚಿದ್ದೇ ನನ್ನ ಕಷ್ಟಕ್ಕೂ ಕಾರಣ.

ಮೊದಲ ಮಳೆಗಾಲದಲ್ಲೇ ಗೊತ್ತಾಯಿತು, ಈ ಗಾಡಿ ನಾನಂದುಕೊಂಡ ಹಾಗೆ ಹತ್ತಲ್ಲ. ತೋಟದ ದಾರಿಯಲ್ಲಿ ಎಡಕ್ಕೊಂದು ಕೊರಕಲು, ಬಲಕ್ಕೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ. ಅಲ್ಲಿ ಬಂದ ಕೂಡಲೇ ಹಿಂದಿನ ಎಡ ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗೋದು, ಗಾಡಿ ನಿಂತಲ್ಲೇ ನಿಲ್ಲೋದು. ಖಾಲಿ ಗಾಡಿಯಂತೂ ಸಣ್ಣ ಕಲ್ಲಿಗೂ ಕುಪ್ಪಳಿಸುತ್ತಿತ್ತು. ಹಿಂದೆ ಕೂತು ಬಂದ ಕೆಲಸದವರು ಒಮ್ಮೆ ಇಳಿದ ಮೇಲೆ ಮತ್ತೆ ಹತ್ತಲೇ ಇಲ್ಲ, ನಡೆದೇ ಬರ್ತೀವಿ ಅಂದರು.

ನಾನು ಮಾಡಿದ ಮೊದಲ ತಪ್ಪು: ಗಾಡಿ ಎತ್ತರ ಸಾಲದು, ಕಮಾನು ಗಟ್ಟಿ ಇಲ್ಲ ಅಂದುಕೊಂಡೆ. ಪೇಟೆಯ ಒಂದು ಗ್ಯಾರೇಜಿನಲ್ಲಿ ಮುಂದಿನ ಶಾಕಲ್, ಅಂದರೆ ಕಮಾನಿನ ಒಂದು ತುದಿಯನ್ನು ಗಾಡಿಯ ಚಾಸಿಗೆ ಸೇರಿಸುವ ಓಲಾಡುವ ಕೊಂಡಿ, ಮೂರು ಇಂಚು ಉದ್ದ ಮಾಡಿಸಿದೆ. ಹಿಂದಿನ ಪ್ಲೇಟು ಜೋಲಿದ್ದವು, ಅವನ್ನು ಗ್ಯಾಸ್ ಕಟ್ಟರ್‌ನಿಂದ ಕೆಂಪಗೆ ಕಾಯಿಸಿ ಬಗ್ಗಿಸಿ ಕೊಟ್ಟರು. ಅವತ್ತು ನೋಡಕ್ಕೆ ಭರ್ಜರಿ ಇತ್ತು, ಸುಳ್ಳು ಹೇಳಲ್ಲ. ಎರಡು ತಿಂಗಳಿಗೆ ಹಿಂದಿನದು ಮೊದಲಿಗಿಂತ ಕೆಳಗೆ ಕೂತಿತು. ಈ ಪ್ಲೇಟು ಸ್ಪ್ರಿಂಗ್ ಸ್ಟೀಲು, ಕಾರ್ಖಾನೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಅದಕ್ಕೊಂದು ಗುಣ ಕೊಟ್ಟಿರುತ್ತಾರೆ. ಅದನ್ನು ಬೀದಿಯಲ್ಲಿ ಕೆಂಪಗೆ ಮಾಡಿ ತಣ್ಣಗಾಗಕ್ಕೆ ಬಿಟ್ಟರೆ ಆ ಹದ ಹೋಯಿತು, ಆಮೇಲೆ ಅದು ಬರೀ ಕಬ್ಬಿಣದ ಪಟ್ಟಿ. ವೆಲ್ಡಿಂಗ್ ಮಾಡಿದರೂ ಅಷ್ಟೇ, ಆ ಜಾಗದ ಪಕ್ಕದಲ್ಲೇ ತುಂಡಾಗುತ್ತೆ.

ಶಾಕಲ್ ಕಥೆ ಇನ್ನೂ ಚೆನ್ನಾಗಿದೆ. ಮೂರು ಇಂಚು ಉದ್ದ ಮಾಡಿದರೆ ಗಾಡಿ ಮೇಲೇಳೋದು ಒಂದೂವರೆ ಇಂಚು ಮಾತ್ರ, ಯಾಕಂದ್ರೆ ಕಮಾನಿನ ಒಂದೇ ತುದಿ ಕೆಳಗಿಳಿಯುತ್ತೆ, ಆಕ್ಸಲ್ ಇರೋದು ನಡುವೆ. ನನ್ನ ಗಾಡಿಯಲ್ಲಿ ಮುಂದಿನ ಕಮಾನಿನ ಶಾಕಲ್ ಮುಂದಿನ ತುದಿಯಲ್ಲಿದೆ. ಆ ತುದಿ ಕೆಳಗೆ ಬಂದಾಗ ಆಕ್ಸಲ್ಲಿನ ತಲೆ ಮುಂದಕ್ಕೆ ವಾಲಿತು. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಚ್ಚು ಹಿಂದಕ್ಕೆ ವಾಲಿರುವ ಕೋನಕ್ಕೆ ಕ್ಯಾಸ್ಟರ್ ಅಂತಾರಲ್ಲ, ಅದು ಕಡಿಮೆಯಾಯಿತು. ಪರಿಣಾಮ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರ ಬರೋದು ನಿಂತೇ ಹೋಯಿತು. ಹುಲಿಕಲ್ ಘಾಟಿ ಇಳಿಯುವಾಗ ನನಗೆ ಬೆವರು, ಪಕ್ಕದಲ್ಲಿ ಕೂತ ಭಾವನಿಗೆ ನನಗಿಂತ ಜಾಸ್ತಿ. ಅದಕ್ಕೆ ಅದೇ ಗ್ಯಾರೇಜಿನವರು ಕಮಾನು ಮತ್ತು ಆಕ್ಸಲ್ ನಡುವೆ ಓರೆಯಾದ ಕಬ್ಬಿಣದ ಬೆಣೆ ಕೂರಿಸಿದರು. ಸ್ಟೇರಿಂಗ್ ಸರಿಯಾಯಿತು. ಆದರೆ ಆಕ್ಸಲ್ ಹಿಂದಕ್ಕೆ ತಿರುಗಿಸಿದ್ದಕ್ಕೆ ಡಿಫರೆನ್ಷಿಯಲ್ಲಿನ (ಆಕ್ಸಲ್ ನಡುವೆ ಇದ್ದು ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರಿನ ಗುಂಡು) ಮೂತಿ ಕೆಳಗೆ ಹೋಗಿ, ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಡಗಡ. ಒಂದು ಸರಿ ಮಾಡಿದರೆ ಇನ್ನೊಂದು ಕೆಡೋದು, ಹಳೇ ಮನೆಯ ಹೆಂಚು ಕೈಯಾಡಿಸಿದ ಹಾಗೆ.

ಕಣ್ಣು ತೆರೆಸಿದ್ದು ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಒಬ್ಬ ಜೀಪು ಚಾಲಕ. ನಿಟ್ಟೂರಿನಲ್ಲಿ ಚಾ ಕುಡಿಯುತ್ತಾ ನನ್ನ ಗಾಡಿಯ ಕೆಳಗೆ ಬಗ್ಗಿ ನೋಡಿ, "ಇದೆಂಥ ಮಾರಾಯ್ರೆ, ಲಾರಿ ಮಾಡಿ ಇಟ್ಟಿದೀರಲ್ಲ" ಅಂದ. ಹಿಂದೆ ಒಂದೊಂದು ಕಡೆಗೂ ಒಂಬತ್ತು ಪ್ಲೇಟು ಇದ್ದವು. ಎಣಿಸಿ ತೋರಿಸಿದ. ಕೊನೆಯ ಎರಡು ಬೇರೆ ಬಣ್ಣ, ಬೇರೆ ದಪ್ಪ. ಹಿಂದಿನ ಮಾಲೀಕ ಜಲ್ಲಿ ಹೊಡೆಯಲು ಹಾಕಿಸಿದ್ದಂತೆ, ನನಗೆ ಗೊತ್ತೇ ಇರಲಿಲ್ಲ. "ಚಕ್ರ ನೆಲ ಬಿಡಬಾರದು, ಅಷ್ಟೇ. ಎತ್ತರ ಕಟ್ಟಿಕೊಂಡು ಏನ್ ಮಾಡ್ತೀರಿ" ಅಂತ ಹೇಳಿ ಅವನ ಜನ ಹತ್ತಿಸಿಕೊಂಡು ಹೋದ.

ಮನೆಗೆ ಬಂದು ಲೆಕ್ಕ ಹಾಕಿದೆ. ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತೆ. ನನ್ನ ಮೂಲ ಪ್ಲೇಟು 6 ಮಿಲಿಮೀಟರ್, ಹೆಚ್ಚಿಗೆ ಹಾಕಿದ್ದು 8. ಉದ್ದ, ಅಗಲ ಒಂದೇ ಅಂದುಕೊಂಡರೆ 8ರ ಒಂದು ಪ್ಲೇಟು 6ರ ಎರಡಕ್ಕಿಂತ ಜಾಸ್ತಿ, ಸುಮಾರು 2.4ರಷ್ಟು ಬಿಗಿ. ಅಂದರೆ ಏಳು ಪ್ಲೇಟಿಗೆ ಎರಡು ಸೇರಿಸಿದ್ದು ಒಂಬತ್ತಲ್ಲ, ಹತ್ತಿರ ಹತ್ತಿರ ಹನ್ನೆರಡು! ಅಷ್ಟು ಬಿಗಿಯಾದ ಕಮಾನು ಖಾಲಿ ಗಾಡಿಯ ಭಾರಕ್ಕೆ ಬಾಗುವುದೇ ಇಲ್ಲ. ಒಂದು ಚಕ್ರ ಕಲ್ಲು ಹತ್ತಿದರೆ ಆ ಕಡೆ ಮಡಚಿಕೊಳ್ಳಬೇಕು, ಇನ್ನೊಂದು ಕಡೆ ಕೆಳಗೆ ಜೋತು ನೆಲ ಹುಡುಕಬೇಕು. ಅದಾಗದಿದ್ದರೆ ಇಡೀ ಗಾಡಿಯೇ ವಾಲಿ ಇನ್ನೊಂದು ಚಕ್ರ ಮೇಲೇಳುತ್ತೆ. ಡಿಫರೆನ್ಷಿಯಲ್ ಏನು ಮಾಡುತ್ತೆ, ಹಗುರಾದ ಚಕ್ರವನ್ನೇ ತಿರುಗಿಸುತ್ತೆ.

ಇಷ್ಟು ತಿಳಿದ ಮೇಲೆ ಎಲ್ಲಾ ಬಿಚ್ಚಿ ಹೊಸದಾಗಿ ಶುರು ಮಾಡಿದೆ. ಕಮಾನು ಮೆದು ಮಾಡೋದು, ಕಮಾನು ಹಿಡಿದಿರುವ ಜಾಗ ಗಟ್ಟಿ ಮಾಡೋದು. ನಾನು ಅಷ್ಟು ದಿನ ಮಾಡಿದ್ದು ಸರಿಯಾಗಿ ಇದರ ಉಲ್ಟಾ.

ಬಿಚ್ಚುವ ಮೊದಲು ಸಮತಟ್ಟಾದ ಅಡಿಕೆ ಅಂಗಳದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಟೇಪು ಹಿಡಿದು ಬರೆದಿಟ್ಟುಕೊಂಡೆ. ಇದು ಸಣ್ಣ ಕೆಲಸ ಅನ್ನಿಸುತ್ತೆ, ಆಮೇಲೆ ಎಲ್ಲಾ ವಾದ ತೀರಿಸೋದು ಇದೇ. ಬಲ ಹಿಂದಿನದು ಎಡಕ್ಕಿಂತ ಒಂದೂಕಾಲು ಇಂಚು ಕೆಳಗಿತ್ತು.

ಪ್ಲೇಟುಗಳನ್ನು ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋಗಿ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿ ಬರೀ ಕಮಾನು ಕೆಲಸವೇ ಮಾಡುವ ಒಬ್ಬ ಹಿರಿಯ ಮೇಸ್ತ್ರಿಯನ್ನು ಹಿಡಿದೆ. ಕಾಯಿಸಿ ಹಾಳಾದ ಪ್ಲೇಟುಗಳನ್ನು ಅವರು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಪಕ್ಕಕ್ಕೆ ಎಸೆದರು. ಅವಕ್ಕೆ ಬದಲಿ ಹೊಸದು ತಗೊಂಡೆ. ಉಳಿದವನ್ನು ತಣ್ಣಗಿರುವಾಗಲೇ ಅಡಿಗಲ್ಲಿನ ಮೇಲೆ ಇಟ್ಟು, ಇಂಚು ಇಂಚಿಗೆ ಸಮ್ಮಟಿಗೆ ಏಟು ಹಾಕಿ ಬಾಗು ತಂದರು. ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಕೆಳಗಿನ ಚಿಕ್ಕ ಪ್ಲೇಟಿಗೆ ಬಾಗು ಜಾಸ್ತಿ, ಮೇಲಿನ ಉದ್ದದ್ದಕ್ಕೆ ಕಡಿಮೆ. ಒಂದರ ಮೇಲೊಂದು ಸುಮ್ನೆ ಇಟ್ಟಾಗ ನಡುವೆ ಸಣ್ಣ ಸಂದು ಕಾಣಬೇಕು, ಸೆಂಟರ್ ಬೋಲ್ಟ್ ಬಿಗಿ ಮಾಡಿದಾಗ ಆ ಸಂದು ಮುಚ್ಚಬೇಕು. ಸಂದೇ ಇಲ್ಲದಿದ್ದರೆ ಭಾರವೆಲ್ಲಾ ಮೇಲಿನ ಉದ್ದದ ಮೈನ್ ಪ್ಲೇಟೇ ಹೊರಬೇಕಾಗುತ್ತೆ ಅಂದರು. "ಏಳೇ ಸಾಕಾ?" ಅಂತ ನಾನು ಕೇಳಿದ್ದಕ್ಕೆ, "ನೀವು ಅಡಿಕೆ ಹೊರೋದಾ, ಬಂಡೆ ಹೊರೋದಾ ಹೇಳಿ ಮೊದಲು" ಅಂದರು. ಏಳೇ ಆಯಿತು. ಪ್ಲೇಟಿನ ತುದಿಗಳ ಚೂಪು ಅಂಚನ್ನು ಗ್ರೈಂಡರ್‌ನಲ್ಲಿ ಉಜ್ಜಿ ನುಣುಪು ಮಾಡಿಸಿ, ನಡುವೆ ಗ್ರಾಫೈಟ್ ಗ್ರೀಸ್ ಬಳಿದು ಕಟ್ಟಿಸಿದೆ.

ಮುಂದೆ ಹಳೇ ಅಳತೆಯ ಶಾಕಲ್ಲಿಗೇ ವಾಪಸ್ ಬಂದೆ. ಬೆಣೆ ತೆಗೆದು ಬಿಸಾಡಿದೆ. ಎತ್ತರ ಸಿಕ್ಕಿದ್ದು ಬಾಗಿನಿಂದ ಮಾತ್ರ, ಸರಿಯಾಗಿ ಒಂದೂವರೆ ಇಂಚು, ಸ್ಟೇರಿಂಗಿಗೆ ಏನೂ ತೊಂದರೆ ಆಗದೆ. ನೆನಪಿಡಿ, ಕಮಾನು ಎಷ್ಟು ಎತ್ತಿದರೂ ಡಿಫರೆನ್ಷಿಯಲ್ಲಿನ ಗುಂಡು ಇದ್ದಲ್ಲೇ ಇರುತ್ತೆ, ಅದನ್ನು ಎತ್ತೋದು ದೊಡ್ಡ ಟಯರ್ ಮಾತ್ರ. ಕೆಲವರು ಪ್ಲೇಟನ್ನು ಆಕ್ಸಲ್ ಕೆಳಗಿಂದ ಮೇಲಕ್ಕೆ ಹಾಕಿಸಿ ಗಾಡಿಯನ್ನು ಒಂಟೆ ಮಾಡುತ್ತಾರೆ. ನಾನು ಆ ತಂಟೆಗೆ ಹೋಗಲಿಲ್ಲ. ಸ್ಟೇರಿಂಗ್ ರಾಡು, ಪ್ರೊಪೆಲ್ಲರ್ ಎಲ್ಲದರ ಕೋನ ಹೊಸದಾಗಿ ಕೂರಿಸಬೇಕು, ಮೇಲಾಗಿ ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ತಿದ್ದಬಾರದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ನನ್ನದು ಬಿಳಿ ಬೋರ್ಡು, 15 ವರ್ಷ ದಾಟಿದ ಗಾಡಿ, ಆರ್‌ಸಿ ನವೀಕರಣಕ್ಕೆ ಆರ್‌ಟಿಓ ಮುಂದೆ ನಿಲ್ಲಿಸಲೇಬೇಕು. ಅಲ್ಲಿ ಒಂಟೆ ನಿಲ್ಲಿಸಿ ಏನು ಹೇಳೋದು?

ಇನ್ನು ಗಟ್ಟಿ ಮಾಡುವ ಕೆಲಸ. ಚಾಸಿಗೆ ಕಮಾನು ಸಿಕ್ಕಿಸುವ ಹ್ಯಾಂಗರ್ ಬ್ರಾಕೆಟ್ ಕೆರೆದು ನೋಡಿದರೆ ಕೆಸರಿನಡಿಯಲ್ಲಿ ತುಕ್ಕು, ತುಕ್ಕಿನಡಿಯಲ್ಲಿ ಕೂದಲೆಳೆ ಬಿರುಕು. ಎರಡು ಕಡೆ ರಿವೆಟ್ ಸಡಿಲವಾಗಿ ತೂತು ಅಗಲವಾಗಿತ್ತು. ಆ ತೂತನ್ನು ಗುಂಡಗೆ ಕೊರೆಸಿ ದೊಡ್ಡ ಹೈ ಟೆನ್ಸೈಲ್ ಬೋಲ್ಟ್ ಹಾಕಿಸಿದೆ. ಬಿರುಕಿನ ತುದಿಯಲ್ಲಿ ಮೊದಲು ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ವೆಲ್ಡಿಂಗಿನ ಕೆಳಗೂ ಬಿರುಕು ಓಡುತ್ತಲೇ ಇರುತ್ತೆ. ಮೇಲೆ ಕೂರಿಸಿದ 5 ಮಿಲಿಮೀಟರ್ ಪ್ಲೇಟಿನ ಅಂಚನ್ನು ಚೌಕ ಬಿಡದೆ ವಜ್ರದ ಆಕಾರಕ್ಕೆ ಕತ್ತರಿಸಿದ್ದು, ಚಾಸಿಗೆ ಅಡ್ಡಡ್ಡ ನೇರ ಗೆರೆಯಲ್ಲಿ ವೆಲ್ಡ್ ಎಳೆದರೆ ಆ ಗೆರೆಯಲ್ಲೇ ಮುರಿಯುತ್ತೆ ಅನ್ನೋ ಕಾರಣಕ್ಕೆ. ವೆಲ್ಡರ್ ತಮ್ಮನಿಗೆ ಇದು ಕಿರಿಕಿರಿ ಆಯಿತು, ಆದರೆ ಮಾಡಿಕೊಟ್ಟ. ವೆಲ್ಡಿಂಗ್ ಶುರು ಮಾಡುವ ಮೊದಲು ಬ್ಯಾಟರಿ ತಂತಿ, ಆಲ್ಟರ್ನೇಟರ್ ತಂತಿ ಬಿಚ್ಚಿ. ಡೀಸೆಲ್ ಟ್ಯಾಂಕ್ ಎಲ್ಲಿದೆ ಅಂತಲೂ ಒಮ್ಮೆ ನೋಡಿಕೊಳ್ಳಿ.

ಕಮಾನನ್ನು ಆಕ್ಸಲ್ಲಿಗೆ ಕಟ್ಟಿಹಿಡಿಯುವ ಯು ಬೋಲ್ಟ್ ಎಲ್ಲಾ ಹೊಸದು. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತೆ, ಅದನ್ನೇ ಮತ್ತೆ ಹಾಕೋದು ಜಿಪುಣತನ. ನನ್ನ ಗಾಡಿಯಲ್ಲಿ ಅದರ ನಟ್ಟುಗಳು ಆಕ್ಸಲ್ಲಿನ ಕೆಳಗೇ ನೇತಾಡುತ್ತವೆ, ಕಲ್ಲಿಗೆ ಉಜ್ಜಿ ಮೂಲೆಗಳೆಲ್ಲ ಸವೆದು ಸ್ಪಾನರ್ ಕೂರುತ್ತಿರಲಿಲ್ಲ, ಕಟ್ ಮಾಡಿಯೇ ತೆಗೆದಿದ್ದು. ಈಗ ನಟ್ಟಿನ ಮುಂದೆ ಒಂದು ಬಾಗಿದ ಕಬ್ಬಿಣದ ತುಂಡು ಕೊಟ್ಟಿದ್ದೇನೆ, ಕಲ್ಲು ಬಡಿದರೆ ಅದಕ್ಕೆ ಬಡಿಯಲಿ. ಹೊಸ ಯು ಬೋಲ್ಟ್ ಮೊದಲ ನೂರು ಕಿಲೋಮೀಟರಿನೊಳಗೆ ಒಮ್ಮೆ, ಐನೂರಕ್ಕೆ ಒಮ್ಮೆ ಲೋಡ್ ಇರುವಾಗಲೇ ಮತ್ತೆ ಬಿಗಿಯಬೇಕು. ಮೈನ್ ಪ್ಲೇಟು ಸೆಂಟರ್ ಬೋಲ್ಟಿನ ತೂತಿನಲ್ಲೇ ತುಂಡಾಯಿತು ಅಂತ ಯಾರಾದರೂ ಗೋಳಾಡಿದರೆ, ಮೊದಲು ಯು ಬೋಲ್ಟ್ ಸಡಿಲ ಇತ್ತಾ ಅಂತ ಕೇಳಿ.

ಕಮಾನಿನ ತುದಿಯ ಕಣ್ಣಿನೊಳಗೆ ಕೂರುವ ಬುಶ್‌ಗೆ ರಬ್ಬರೇ ಸಾಕು, ತಿರುಚಿಕೊಳ್ಳಲು ಬಿಡುತ್ತೆ. ಆದರೆ ಗಾಡಿ ಜಾಕ್ ಮೇಲೆ ನೇತಾಡುವಾಗ ಶಾಕಲ್ ಬೋಲ್ಟ್ ಪೂರ್ತಿ ಬಿಗಿಯಬಾರದು. ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೆ ಬಿಗಿಯಿರಿ, ಇಲ್ಲದಿದ್ದರೆ ರಬ್ಬರ್ ಹುಟ್ಟುತ್ತಲೇ ತಿರುಚಿಕೊಂಡು ಹರಿಯುತ್ತೆ. ನಾನು ಒಂದು ಸೆಟ್ ಹೀಗೇ ಹರಿದೆ.

ಕಮಾನು ಮೆದುವಾದ ಮೇಲೆ ಆಕ್ಸಲ್ ಮೊದಲಿಗಿಂತ ಜಾಸ್ತಿ ಕೆಳಗಿಳಿಯುತ್ತೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಚಾಸಿಗೆ ಜಾಕ್ ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು, ಆಕ್ಸಲ್ ನೇತಾಡಲು ಬಿಟ್ಟು ನೋಡಿದೆ. ಹಿಂದಿನ ಬ್ರೇಕ್ ಹೋಸು ವೀಣೆಯ ತಂತಿ ಹಾಗೆ ಎಳೆದುಕೊಂಡು ನಿಂತಿತ್ತು. ಆ ಕೊರಕಲಿನಲ್ಲಿ ಅದು ಹರಿದಿದ್ದರೆ ಕೆಳಗೆ ಹಳ್ಳ! ಉದ್ದದ ಹೋಸು ಹಾಕಿಸಿದೆ. ಶಾಕ್ ಅಬ್ಸಾರ್ಬರನ್ನೂ ಹೀಗೇ ಅಳೆದೆ: ಪೂರ್ತಿ ಇಳಿದಾಗ ಎಷ್ಟು, ಪೂರ್ತಿ ಮಡಚಿದಾಗ ಎಷ್ಟು, ಎರಡೂ ಕಡೆ ಒಂದೊಂದು ಇಂಚು ಬಾಕಿ ಇರುವ ಅಳತೆಯದ್ದನ್ನು ಹುಡುಕಿ ತಂದೆ. ಮೊದಲಿದ್ದದ್ದು ಗಿಡ್ಡ, ಆಕ್ಸಲ್ ಇಳಿಯದಂತೆ ಅದೇ ಹಗ್ಗದ ಹಾಗೆ ಹಿಡಿದಿತ್ತು. ಆಕ್ಸಲ್ ಮೇಲೆದ್ದು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪಿನ ರಬ್ಬರನ್ನೂ ಒಂದಿಂಚು ಕೆಳಗೆ ತಂದೆ.

ಒಟ್ಟು ಖರ್ಚು ಮೂವತ್ತೆಂಟು ಸಾವಿರ, ಮೊದಲು ಹಾಳು ಮಾಡಿಕೊಂಡದ್ದು ಬಿಟ್ಟು.

ಗಾಡಿ ಜೋಡಿಸಿದ ಸಂಜೆಯೇ ಬ್ಯಾಣದ (ಹುಲ್ಲುಗಾವಲಿನ) ಅಂಚಿನ ಧರೆಗೆ ಮುಂದಿನ ಬಲ ಚಕ್ರ ಹತ್ತಿಸಿ ನಿಲ್ಲಿಸಿದೆ. ಮಗಳು ಟಾರ್ಚ್ ಹಿಡಿದು ನಾಲ್ಕೂ ಚಕ್ರ ನೋಡಿ ಬಂದು "ಎಲ್ಲಾ ನೆಲದ ಮೇಲೇ ಇದೆ ಅಪ್ಪಯ್ಯ" ಅಂದಳು. ಆ ಮಳೆಗಾಲದಲ್ಲಿ ಟಯರಿನ ಗಾಳಿ 20 ಪೌಂಡಿಗೆ ಇಳಿಸಿ ತೋಟದ ದಾರಿ ಹತ್ತಿಸಿದೆ. ಕೊರಕಲಿನ ಹತ್ತಿರ ಒಮ್ಮೆ ಜಾರಿತು, ಹಿಡಿದುಕೊಂಡಿತು, ಬಂತು. ಟಾರು ರಸ್ತೆಗೆ ಬರುವ ಮೊದಲು ಗಾಳಿ ತುಂಬಿಸಿಕೊಳ್ಳಬೇಕು, ಅದಕ್ಕೊಂದು ಸಣ್ಣ ಪಂಪು ಸೀಟಿನ ಕೆಳಗಿದೆ. ಭಾನುವಾರ ಗೆಳೆಯರ ಜೀಪುಗಳ ಜೊತೆ ಹೋಗುವುದೂ ಉಂಟು, ಅವರವರ ತೋಟ, ಹಕ್ಕಲಿನ ದಾರಿಗಳಲ್ಲಿ ಮಾತ್ರ. ಅಭಯಾರಣ್ಯದೊಳಗೆ ನುಗ್ಗುವವರ ಜೊತೆ ನಾನು ಹೋಗಲ್ಲ.

ಬೇಜಾರೂ ಇದೆ. ಲೋಡ್ ಜಾಸ್ತಿ ಹಾಕಿದರೆ ಈಗ ಹಿಂದೆ ಕೂತುಬಿಡುತ್ತೆ, ತಿರುವಿನಲ್ಲಿ ವಾಲುತ್ತೆ. ಗೊಬ್ಬರ ಎರಡು ಸಲ ಹೊಡೆಯಬೇಕು, ಅದಕ್ಕೆ ಅಣ್ಣ ಈಗಲೂ ಗೊಣಗುತ್ತಾನೆ. ನಮ್ಮ ಕೆಂಪು ಕೆಸರು ಪ್ಲೇಟಿನ ನಡುವೆ ಹೊಕ್ಕು ಗ್ರೀಸ್ ತಿಂದುಹಾಕುತ್ತೆ, ತಿಂಗಳಿಗೊಮ್ಮೆ ನೀರು ಹೊಡೆದು ತೊಳೆಯಲೇಬೇಕು. ಮೊನ್ನೆ ಹಾಗೆ ತೊಳೆಯುವಾಗ ಹಿಂದಿನ ಎಡ ಹ್ಯಾಂಗರ್ ಹತ್ತಿರ ಹೊಸದೊಂದು ಗೆರೆ ಕಂಡಿತು. ಬಣ್ಣ ಬಿರಿದಿದ್ದೋ ಕಬ್ಬಿಣವೇ ಬಿರಿದಿದ್ದೋ, ಕೆರೆದು ನೋಡಬೇಕು. ಅಲ್ಲಿಯವರೆಗೆ ಗೊಬ್ಬರ ಹೇರಲ್ಲ ಅಂತ ಅಣ್ಣನಿಗೆ ಹೇಳಿದ್ದೇನೆ.