ಹಸಿರು ದ್ರಾವಕದಿಂದ ಅರಿಸಿನದ ಸತ್ವ ಬಿಡಿಸುವುದು ಹೇಗೆ?

ಓಮದ ಹೂ, ಪುದೀನ ಹೂ, ಕರ್ಪೂರ ಮೂರನ್ನೂ ಒಂದು ಶೀಶೆಗೆ ಹಾಕಿ ಅಲುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಎಣ್ಣೆಯಂತಾಗುತ್ತವೆ. ನೀರೂ ಬೇಡ, ಒಲೆಯೂ ಬೇಡ. ಹೊಟ್ಟೆನೋವಿಗೆಂದು ಹಳಬರು ಇಟ್ಟುಕೊಳ್ಳುತ್ತಿದ್ದ ಅಮೃತಧಾರೆ ಇದೇ. ಗಟ್ಟಿ ಪದಾರ್ಥಗಳು ಒಂದಕ್ಕೊಂದು ಸೇರಿದಾಗ ಕರಗುವ ಬಿಂದು ಕೆಳಗಿಳಿಯುವ ಈ ಗುಣವನ್ನು 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಂಡ್ರ್ಯೂ ಅಬಾಟ್ ಅವರ ತಂಡ ಬೇರೊಂದು ಜೋಡಿಯಲ್ಲಿ ತೋರಿಸಿತು. ಕೋಳಿ ಆಹಾರಕ್ಕೆ ಬೆರೆಸುವ ಕೋಲೀನ್ ಕ್ಲೋರೈಡ್ ಕರಗುವುದು 302 ಡಿಗ್ರಿ ಸೆಲ್ಸಿಯಸ್‌ಗೆ, ಗದ್ದೆಗೆ ಎರಚುವ ಯೂರಿಯಾ 133 ಡಿಗ್ರಿಗೆ. ಕೋಲೀನ್ ಕ್ಲೋರೈಡ್ ಒಂದಕ್ಕೆ ಯೂರಿಯಾ ಎರಡರ ಮೋಲ್ ಲೆಕ್ಕದಲ್ಲಿ (ತೂಕವಲ್ಲ, ಕಣಗಳ ಎಣಿಕೆ) ಬೆರೆಸಿದರೆ 12 ಡಿಗ್ರಿಗೆ ಇಳಿಯುವವರೆಗೂ ದ್ರವವಾಗಿಯೇ ಇರುತ್ತದೆ!

ಕೋಲೀನ್ ಕ್ಲೋರೈಡ್‌ನಿಂದ ಮಾಡಿದ ಇಂಥ ‘ಹಸಿರು’ ದ್ರಾವಕಗಳು ಹೆಕ್ಸೇನ್ ಎಂಬ ಪೆಟ್ರೋಲಿಯಂ ದ್ರಾವಕದಂತೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ, ಆವಿಯಾಗಿ ಶ್ವಾಸಕೋಶ ಸೇರುವುದಿಲ್ಲ. ತೊಡಕಿರುವುದೂ ಅಲ್ಲೇ. ಹೆಕ್ಸೇನ್ 69 ಡಿಗ್ರಿಗೆ ಕುದಿದು ಹೋಗುತ್ತದೆ, ಸತ್ವ ಪಾತ್ರೆಯಲ್ಲಿ ಉಳಿಯುತ್ತದೆ. ಹಸಿರು ದ್ರಾವಕವೋ ಸಕ್ಕರೆ ಪಾಕದಂತೆ ಮಂದ; ಈ ಪಾಕವನ್ನು ಕಾಯಿಸಿದರೆ ಹೆಕ್ಸೇನ್‌ನಂತೆ ಹಾರಿಹೋಗದೆ ಪಾಕವಾಗಿಯೇ ಇರುತ್ತದೆ. ಗಿಡದಿಂದ ಸತ್ವ ಎಳೆಯುವುದು ಅರ್ಧ ಕೆಲಸ. ಪಾಕದಿಂದ ಅದನ್ನು ಬಿಡಿಸುವುದೇ ನಿಜವಾದ ಕೆಲಸ. ಕಾಲೇಜು ಪ್ರಯೋಗಾಲಯದಲ್ಲಿ ಮಾಡಬಹುದಾದ ಕ್ರಮವೊಂದು ಇಲ್ಲಿದೆ. ಕೈಗವಸು, ಕನ್ನಡಕ ಇರಲಿ. ಬಂದದ್ದನ್ನು ತಿನ್ನುವ ಯೋಚನೆ ಬೇಡ.

ಪಾಕ ಮತ್ತು ಅರಿಸಿನ

98 ಗ್ರಾಂ ಕೋಲೀನ್ ಕ್ಲೋರೈಡ್, ಶೇ 88ರ ಲ್ಯಾಕ್ಟಿಕ್ ಆಮ್ಲ 72 ಗ್ರಾಂ, ನೀರು 30 ಗ್ರಾಂ. ಮೋಲ್ ಲೆಕ್ಕದಲ್ಲಿ ಇದು ಸಮ ಪಾಲು, ನೀರು ಸುಮಾರು ಶೇ 20. ಕೋಲೀನ್ ಕ್ಲೋರೈಡ್ ಗಾಳಿಯ ತೇವ ಹೀರಿ ನೀರೊಡೆಯುತ್ತದೆ, ಹಾಗಾಗಿ ಬೇಗ ತೂಗಿ ಡಬ್ಬಿ ಮುಚ್ಚಿ. 60 ಡಿಗ್ರಿ ಆಸುಪಾಸಿನಲ್ಲಿ ತಿಳಿಯಾಗುವವರೆಗೆ ಕಲಕಿ. ಅವಸರಕ್ಕೆ ಬಿಸಿ ಏರಿಸಿ ಬಹಳ ಹೊತ್ತು ಬಿಟ್ಟರೆ ಆಮ್ಲ ಕೋಲೀನ್ ಜತೆ ಸೇರಿ ಎಸ್ಟರ್ ಎಂಬ ಬೇರೆ ಪದಾರ್ಥವಾಗುತ್ತದೆ, ಪಾಕ ಕೆಡುತ್ತದೆ. ಇದಕ್ಕೆ 10 ಗ್ರಾಂ ಅರಿಸಿನ ಪುಡಿ ಹಾಕಿ 50 ಡಿಗ್ರಿಯಲ್ಲಿ ಒಂದು ಗಂಟೆ ತಿರುಗಿಸಿ, ಸೆಂಟ್ರಿಫ್ಯೂಜ್ ಮಾಡಿ (ಗಿರಗಿರನೆ ಸುತ್ತಿಸಿ ಗಸಿಯನ್ನು ತಳಕ್ಕೆ ಕೂರಿಸುವ ಯಂತ್ರದಲ್ಲಿ) ಚರಟ ಬೇರೆ ಮಾಡಿ. ಫಿಲ್ಟರ್ ಕಾಗದದಲ್ಲಿ ಸೋಸಲು ಕೂತರೆ ಸಂಜೆಯಾಗುತ್ತದೆ.

ಬಿಡಿಸುವ ಹಂತ

ಇಲ್ಲಿ ಕೆಲಸಕ್ಕೆ ಬರುವುದು ಬರೀ ನೀರು. ಪಾಕದ ಕಣಗಳನ್ನು ಹಿಡಿದಿಟ್ಟಿರುವುದು ಹೈಡ್ರೊಜನ್ ಬಂಧ. ನೀರು ಸ್ವಲ್ಪವೇ ಇದ್ದಾಗ ಪಾಕ ತೆಳುವಾಗುತ್ತದೆ, ಅಷ್ಟೆ. ಅರ್ಧಕ್ಕಿಂತ ಹೆಚ್ಚಾಯಿತೋ, ಆ ಬಂಧ ಸಡಿಲವಾಗಿ ಉಳಿಯುವುದು ಉಪ್ಪು-ಹುಳಿ ಕಲಸಿದ ನೀರು. ಅರಿಸಿನದ ಹಳದಿ ಸತ್ವವಾದ ಕರ್ಕ್ಯುಮಿನ್‌ಗೆ ನೀರು ಆಗಿಬರುವುದಿಲ್ಲ. ತಿಳಿ ಪಾಕವನ್ನು 1 ಲೀಟರ್ ತಣ್ಣನೆಯ ಡಿಸ್ಟಿಲ್ಡ್ ನೀರಿಗೆ ಕಲಕುತ್ತಾ ಸಣ್ಣ ಧಾರೆಯಾಗಿ ಸುರಿಯಿರಿ. ನೀರು ಹಳದಿಯಾಗಿ ಮಬ್ಬುಗಟ್ಟುತ್ತದೆ. ಕರ್ಕ್ಯುಮಿನ್ ಬೆಳಕಿಗೆ ಕೆಡುವುದರಿಂದ ಬೀಕರಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ ರಾತ್ರಿಯಿಡೀ ತಣ್ಣಗಿಡಿ.

ಬೆಳಿಗ್ಗೆ ಸೆಂಟ್ರಿಫ್ಯೂಜ್ ಮಾಡಿ, ತಳದ ಗಸಿಯನ್ನು, ತೊಳೆದ ನೀರಿಗೆ ನೀಲಿ ಲಿಟ್ಮಸ್ ಕಾಗದ ಕೆಂಪಾಗುವುದು ನಿಲ್ಲುವವರೆಗೆ, ಡಿಸ್ಟಿಲ್ಡ್ ನೀರಿನಲ್ಲೇ ತೊಳೆಯಿರಿ. ನಲ್ಲಿ ನೀರು ಕ್ಷಾರೀಯವಾಗಿದ್ದರೆ ಕರ್ಕ್ಯುಮಿನ್ ಒಡೆಯುತ್ತದೆ. ಅರಿಸಿನಕ್ಕೆ ಸುಣ್ಣ ಬಿದ್ದರೆ ಆರತಿ ತಟ್ಟೆಯ ಕೆಂಪು ನೀರಾಗುವುದು ಎಲ್ಲರೂ ಕಂಡದ್ದೇ. ಅದು ನೋಡಲು ಚೆಂದ, ಇಲ್ಲಿ ನಷ್ಟ. ತೊಳೆದದ್ದನ್ನು 40 ಡಿಗ್ರಿಯಲ್ಲಿ ಒಣಗಿಸಿ ತೂಗಿ.

ಪುಡಿಯಲ್ಲಿ ಶೇ 3 ಕರ್ಕ್ಯುಮಿನ್ ಇದ್ದರೆ 10 ಗ್ರಾಮಿನಿಂದ ಸಿಗಬಹುದಾದದ್ದು ಹೆಚ್ಚೆಂದರೆ 300 ಮಿಲಿಗ್ರಾಂ. ತಕ್ಕಡಿ ಅದಕ್ಕಿಂತ ಜಾಸ್ತಿ ತೋರಿಸಿದರೆ ಹಿಗ್ಗಬೇಡಿ. ನೀರಿಗೆ ಸೇರದ ಅರಿಸಿನದೆಣ್ಣೆಯೂ ಜತೆಗೆ ಇಳಿದಿರುತ್ತದೆ, ಮುಟ್ಟಿದರೆ ಅಂಟುತ್ತದೆ.

ಪುನರ್ಪುಳಿ ಸಿಪ್ಪೆಯ ಕೆಂಪು ಬಣ್ಣಕ್ಕೆ ಈ ಉಪಾಯ ನಡೆಯದು. ಆ ಆಂಥೋಸಯಾನಿನ್ ನೀರಿಗೆ ನೆಂಟ, ಎಷ್ಟು ನೀರು ಸುರಿದರೂ ಕೆಳಗಿಳಿಯುವುದಿಲ್ಲ. ಅದಕ್ಕೆ ರಂಧ್ರಭರಿತ ಪಾಲಿಸ್ಟೈರೀನ್ ರೆಸಿನ್ ಮಣಿಗಳನ್ನು ತುಂಬಿದ ನಳಿಗೆ ಬೇಕು. ತೆಳು ಮಾಡಿದ ಪಾಕ ಹಾಯಿಸಿದಾಗ ಬಣ್ಣ ಮಣಿಗೆ ಕಚ್ಚಿಕೊಳ್ಳುತ್ತದೆ. ಉಪ್ಪು, ಹುಳಿ, ಸಕ್ಕರೆ ನೀರಿನ ಜತೆ ಹೊರಟುಹೋಗುತ್ತವೆ. ಆಮೇಲೆ ತುಸು ಹುಳಿ ಬೆರೆಸಿದ ಎಥನಾಲ್ ಬಿಟ್ಟರೆ ಬಣ್ಣ ಕಳಚಿ ಬರುತ್ತದೆ.

ಉಳಿದ ನೀರು

ಅರಿಸಿನದ ಗಸಿ ತೆಗೆದ ಮೇಲೆ ಉಳಿದ ನೀರನ್ನು ಚರಂಡಿಗೆ ಚೆಲ್ಲಿದರೆ ಹಸಿರು ಎಂಬ ಹೆಸರು ಯಾತಕ್ಕೆ? ನಿರ್ವಾತದಲ್ಲಿ ನೀರು ಹಾರಿಸಿ ಪಾಕ ವಾಪಸು ಪಡೆಯಬೇಕು. ಆದರೆ 1 ಲೀಟರ್ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು, ಅದೂ 300 ಮಿಲಿಗ್ರಾಂ ಹಳದಿ ಪುಡಿಗೆ! ಆದ್ದರಿಂದ ನೀರು ಸುರಿಯುವ ಮೊದಲು ಅದೇ ಪಾಕದಲ್ಲಿ ಇನ್ನೆರಡು ಸಲ ಹೊಸ ಅರಿಸಿನ ಹಾಕಿ ತಿರುಗಿಸುವುದು ಜಾಣತನ. ಆಗ ಅಷ್ಟೇ ನೀರಿನಲ್ಲಿ ಹೆಚ್ಚು ಸತ್ವ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಅರಿಸಿನದಲ್ಲಿದ್ದ, ನೀರಿನಲ್ಲಿ ಕರಗುವ ಕಸ ಪಾಕದಲ್ಲಿ ಉಳಿಯುತ್ತಾ ಹೋಗುತ್ತದೆ. ಇಳುವರಿಯನ್ನು ಪ್ರತಿ ಸಲ ಬರೆದಿಡಿ; ಅದು ಕುಸಿಯತೊಡಗಿತು, ಪಾಕ ಕಂದು ಬಣ್ಣಕ್ಕೆ ತಿರುಗಿತು ಎಂದರೆ ಹೊಸ ಪಾಕ ಮಾಡಿಕೊಳ್ಳಿ.