ಬೆಂಗಳೂರಲ್ಲಿ ಮನೆಗಿಂತ ಮೊದಲು ನಾವು ಏರಿಯಾ ನೋಡಿದ ರೀತಿ

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲು ಕೇಳುವುದು ಎಷ್ಟು ಬೆಡ್‌ರೂಮು, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ. ಮಾರತ್ತಹಳ್ಳಿ ಕಡೆಯಿಂದ ಹೊರಡುವಾಗ ನಾವು ಮೊದಲು ಕೇಳಿದ್ದು ನೀರಿನ ವಿಷಯ. ಬಳಸುವ ನೀರು ಎಲ್ಲಿಂದ ಬರುತ್ತದೆ? ಮಳೆ ನೀರು ಎಲ್ಲಿಗೆ ಹೋಗುತ್ತದೆ? ಈ ಎರಡಕ್ಕೆ ನೆಟ್ಟಗೆ ಉತ್ತರ ಸಿಗದ ಕಡೆ ಮನೆ ಎಷ್ಟೇ ಚೆನ್ನಾಗಿದ್ದರೂ ಒಳಗೆ ಹೋಗಿ ನೋಡಲೇ ಇಲ್ಲ. ಹೀಗೆ ಹುಡುಕುತ್ತಾ ಊರಿನ ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ, ಕೆಂಗೇರಿ ಉಪನಗರಕ್ಕೆ ಬಂದೆವು.

ನೀರಿಗೆ ಇಷ್ಟು ಮಹತ್ವ ಯಾಕೆ ಅಂದರೆ, ಎರಡು ವರ್ಷ ನಾವು ಅದರ ಎರಡೂ ಮುಖ ನೋಡಿದ್ದೆವು. 2022ರ ಸೆಪ್ಟೆಂಬರ್ ಮಳೆಗೆ ಔಟರ್ ರಿಂಗ್ ರೋಡ್, ಬೆಳ್ಳಂದೂರು, ಯಮಲೂರು ಮುಳುಗಿದವು. ಆಫೀಸಿಗೆ ಹೋಗುವ ಜನ ಟ್ರ್ಯಾಕ್ಟರ್ ಹತ್ತಿದರು. 2024ರ ಮಾರ್ಚ್‌ನಲ್ಲಿ ಅದೇ ಕಡೆ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯಬೇಕಾಯಿತು. ಆಗ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು. 5 ಕಿ.ಮೀ. ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನಲ್ಲಿ. ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಸ್ನಾನದ ನೀರನ್ನೂ ಅಳೆದು ಇಟ್ಟುಕೊಳ್ಳುತ್ತಿದ್ದರು. ನಮಗೆ ಕಾವೇರಿ ಮನೆ ಮುಂದೆ ಹರಿಯುತ್ತೆ, ನಿಮಗ್ಯಾಕಮ್ಮ ಈ ಕಷ್ಟ ಅಂತ ಕೇಳಿದರು. ಮನೆ ಬದಲಿಸೋಣ ಅನ್ನುವ ಮಾತು ಶುರುವಾಗಿದ್ದು ಅಲ್ಲಿಂದ.

ನಮ್ಮ ಪರಿಸ್ಥಿತಿ ಹೇಳುತ್ತೇನೆ. ನನ್ನ ಆಫೀಸು ಕುಂದಲಹಳ್ಳಿ ಹತ್ತಿರ, ವಾರಕ್ಕೆ ಮೂರು ದಿನ ಹೋಗಬೇಕು. ನಮ್ಮನೆಯವರು ಮೈಸೂರು ರಸ್ತೆ ಕಡೆಯ ಕಾಲೇಜಲ್ಲಿ ಪಾಠ ಮಾಡುತ್ತಾರೆ, ವಾರಕ್ಕೆ ಆರು ದಿನ. ಮಗಳು ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಮಂಡಿ ನೋವಿರುವ ಅತ್ತೆ ಮಂಡ್ಯಕ್ಕೂ ಇಲ್ಲಿಗೂ ಓಡಾಡುತ್ತಾರೆ. ಒಂದು ಹಾಳೆ ಮೇಲೆ ನಾಲ್ಕು ಜನರ ದಾರಿಯನ್ನೂ ಬರೆದೆವು. ದಿನಾ ಹೋಗುವವರಿಗೆ ಜಾಸ್ತಿ ತೂಕ, ಕಾಲು ಸೋತವರಿಗೆ ಇನ್ನೂ ಜಾಸ್ತಿ. ಮನೆಯಲ್ಲಿ ಯಾರ ಸಂಬಳ ಜಾಸ್ತಿಯೋ ಅವರ ಆಫೀಸಿನ ಹತ್ತಿರ ಮನೆ ಮಾಡುವುದು ನಮ್ಮ ಕಡೆ ರೂಢಿ. ಅದು ನನಗೆ ಸರಿ ಕಾಣುವುದಿಲ್ಲ. ಐದು ವರ್ಷದ ಮಗು ಸ್ಕೂಲ್ ವ್ಯಾನಿನಲ್ಲಿ ಗಂಟೆಗಟ್ಟಲೆ ಕೂರುವುದೂ ಲೆಕ್ಕಕ್ಕೆ ಬರಬೇಕು, ಅಲ್ವಾ?

ಬಸವನಗುಡಿ, ಮಲ್ಲೇಶ್ವರ ಮೊದಲು ನೋಡಿದ್ದು ಆಸೆಗೆ. 1898ರ ಪ್ಲೇಗ್ ಆದ ಮೇಲೆ ಜನರಿಗೆ ಗಾಳಿ ಬೆಳಕು ಸಿಗಲಿ ಅಂತ ಮಾಡಿದ ಬಡಾವಣೆಗಳು ಅವು. ಇವತ್ತಿಗೂ ಅಲ್ಲಿ ನಡೆದಾಡಿದರೆ ಮನಸ್ಸು ತಣ್ಣಗಾಗುತ್ತದೆ. ಬಾಡಿಗೆ ನಮ್ಮ ಕೈಗೆ ಸಿಗುವಂತಿರಲಿಲ್ಲ. ಯಲಹಂಕ ಇಷ್ಟವಾಯಿತು, ಆದರೆ ಇಬ್ಬರ ಕೆಲಸಕ್ಕೂ ದೂರ. ಕಾಡುಗೋಡಿ ಕಡೆ ಇದ್ದರೆ ನನಗೆ ಸುಖ, ನಮ್ಮನೆಯವರ ಅರ್ಧ ಜೀವನ ರಸ್ತೆಯಲ್ಲೇ ಕಳೆಯುತ್ತಿತ್ತು. ಉಳಿದದ್ದು ವಿಜಯನಗರದಿಂದ ಕೆಂಗೇರಿವರೆಗಿನ ಪಟ್ಟಿ.

ನೀರಿನ ವಿಚಾರಕ್ಕೆ ಬರೋಣ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಮೇಲೆತ್ತಿ. ಯಾವ ಬೀದಿಗೆ ಎಷ್ಟು ಬರುತ್ತದೆ ಅನ್ನುವುದು ಆ ಬೀದಿಯ ಇತಿಹಾಸದ ಮೇಲೆ ನಿಂತಿದೆ. 2007ರಲ್ಲಿ ಬಿಬಿಎಂಪಿ ಆದಾಗ ಹಳೇ ಪಾಲಿಕೆಗೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಸೇರಿದವು. ಹಳೇ ಪಾಲಿಕೆಯ ಜಾಗಗಳಲ್ಲಿ ಪೈಪು ಮುಂಚೆಯಿಂದ ಇದೆ. 110 ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್‌ನದು, ಚಾಲೂ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಅದಕ್ಕೇ ಯಾವ ಏರಿಯಾಗೆ ಹೋದರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ: ಇದು ಹಳೇ ಕಾರ್ಪೊರೇಷನ್ನಾ, ನಗರಸಭೆನಾ, ಪುರಸಭೆನಾ, ಇಲ್ಲಾ 110 ಹಳ್ಳಿಲಿ ಇತ್ತಾ? ಹಳಬರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ನೀರು, ಯುಜಿಡಿ (ಒಳಚರಂಡಿ), ರಸ್ತೆ ಮೂರರ ಕಥೆಯೂ ಆ ಒಂದು ಉತ್ತರದಿಂದ ಅರ್ಧ ತಿಳಿಯುತ್ತದೆ.

ಇನ್ನರ್ಧ ತಿಳಿಯಲು ಬೀದಿಯಲ್ಲೇ ನಿಲ್ಲಬೇಕು. ‘ಕಾವೇರಿ ಕನೆಕ್ಷನ್ ಇದೆ’ ಅನ್ನುವುದು ಬೇರೆ, ‘ಕಾವೇರಿ ನೀರು ಬರುತ್ತೆ’ ಅನ್ನುವುದು ಬೇರೆ. ಓನರ್ ಹತ್ತಿರ ಮಾರ್ಚ್, ಏಪ್ರಿಲ್ ತಿಂಗಳ ನೀರಿನ ಬಿಲ್ ಕೇಳಿ. ಬೇಸಿಗೆಯಲ್ಲಿ ಎಷ್ಟು ಲೀಟರ್ ಬಂದಿದೆ ಅಂತ ಅದರಲ್ಲೇ ಇರುತ್ತದೆ. ಬಿಲ್ ತೋರಿಸಲು ಹಿಂಜರಿದ ಓನರ್‌ಗಳ ಮನೆಯನ್ನು ನಾವು ಬಿಟ್ಟೆವು. ನೀರು ಬಿಡುವವರು ಎಷ್ಟು ಹೊತ್ತಿಗೆ ವಾಲ್ವ್ ತಿರುಗಿಸುತ್ತಾರೆ ಅಂತ ಪಕ್ಕದ ಮನೆಯವರನ್ನು ಕೇಳಿ, ಆ ಹೊತ್ತಿಗೆ ಹೋಗಿ. ಕೆಂಗೇರಿಯ ಒಂದು ಬೀದಿಗೆ ನಾನು ಬೆಳಿಗ್ಗೆ ಹೋದಾಗ ಸಾಲಾಗಿ ಎಲ್ಲ ಮನೆಯ ಸಂಪಿನ ಮುಚ್ಚಳವೂ ತೆಗೆದಿತ್ತು. ನೀರು ಬೀಳುವ ಸದ್ದು ರಸ್ತೆಗೆ ಕೇಳುತ್ತಿತ್ತು. ಒಬ್ಬರು ಅಜ್ಜಿ ಸ್ಟೂಲ್ ಹಾಕಿಕೊಂಡು ಕಾವಲು ಕೂತಿದ್ದರು.

“ದಿನಾ ಬರುತ್ತಾ ಅಜ್ಜಿ?”

“ದಿನ ಬಿಟ್ಟು ದಿನ ಕಣವ್ವ. ಬೇಸ್ಗೇಲಿ ಒಂದೊಂದ್ಸಲ ಮೂರು ದಿನ ಆಯ್ತದೆ. ಸಂಪು ದೊಡ್ಡದಿರೋ ಮನೆ ನೋಡ್ಕೋ.”

ಈ ಮಾತನ್ನು ಯಾವ ಬ್ರೋಕರ್ ಕೂಡ ಹೇಳಿರಲಿಲ್ಲ. ಆಮೇಲೆ ಪ್ರತಿ ಮನೆಯಲ್ಲೂ ಮೊದಲು ಸಂಪು ಎಷ್ಟು ಲೀಟರ್‌ನದು, ಎಷ್ಟು ಮನೆಗೆ ಹಂಚಿಕೆ ಅಂತ ಕೇಳಿದೆವು. ನಾಲ್ಕು ಮನೆಗೆ 6,000 ಲೀಟರ್ ಸಂಪಾದರೆ ಮೂರು ದಿನ ನೀರು ಬರದಿದ್ದಾಗ ಟ್ಯಾಂಕರ್‌ಗೆ ಫೋನ್ ಮಾಡಲೇಬೇಕು.

ಮಳೆ ನೀರು ಹೋಗುವ ದಾರಿ ಇದಕ್ಕಿಂತ ಮುಖ್ಯ. ನೀರು ಬರದಿದ್ದರೆ ದುಡ್ಡು ಕೊಟ್ಟಾದರೂ ತರಿಸಬಹುದು, ನುಗ್ಗುವ ನೀರನ್ನು ತಡೆಯಲು ಆಗುವುದಿಲ್ಲ. ಬೆಂಗಳೂರು ಕವುಚಿ ಹಾಕಿದ ಬೋಗುಣಿ ಥರ. ನಡುವೆ ಎತ್ತರ, ಸುತ್ತ ಇಳಿಜಾರು. ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿಯುತ್ತದೆ: ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ. ಹಿಂದಿನವರು ಇಳಿಜಾರಿಗೆ ಸಾಲಾಗಿ ಕೆರೆ ಕಟ್ಟಿ, ಒಂದು ತುಂಬಿ ಇನ್ನೊಂದಕ್ಕೆ ಹರಿಯಲಿ ಅಂತ ರಾಜಕಾಲುವೆ ಬಿಟ್ಟಿದ್ದರು. ಕೋರಮಂಗಲ ಕಣಿವೆಯ ನೀರೆಲ್ಲ ಇಳಿದು ಸೇರುವುದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ. ಆ ದಾರಿಯಲ್ಲಿ ಕಟ್ಟಡ ಎದ್ದರೆ ನೀರು ಕಟ್ಟಡದೊಳಗೇ ಹಾಯುತ್ತದೆ. 2022ರಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳೂ ಮುಳುಗಿದ್ದು ಹೀಗೆ.

ಅದಕ್ಕೆ ನಾವು ‘ದಿಶಾಂಕ್’ ಆ್ಯಪ್ ಹಾಕಿಕೊಂಡೆವು. ಕಂದಾಯ ಇಲಾಖೆಯದು, ಉಚಿತ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ಊರಿನ ಕಂದಾಯ ನಕ್ಷೆ ಪಕ್ಕದಲ್ಲಿಟ್ಟುಕೊಂಡರೆ ಹಳೇ ಕೆರೆ ಎಲ್ಲಿತ್ತು, ಹಳ್ಳ ಎಲ್ಲಿ ಹರಿಯುತ್ತಿತ್ತು ಅಂತ ಕಾಣುತ್ತದೆ. ಈಗ ಅಲ್ಲಿ ಆಟದ ಮೈದಾನವೋ ಅಪಾರ್ಟ್‌ಮೆಂಟೋ ಇರಬಹುದು, ಆದರೆ ಇಳಿಜಾರು ಬದಲಾಗಿರುವುದಿಲ್ಲ. ಬಿಡಿಎ ಮಾಸ್ಟರ್ ಪ್ಲಾನ್ 2015ರ ಪ್ರಕಾರ ದೊಡ್ಡ ರಾಜಕಾಲುವೆಯ ನಡುವಿನಿಂದ 50 ಮೀಟರ್, ಅದಕ್ಕಿಂತ ಚಿಕ್ಕದಕ್ಕೆ 25, ಇನ್ನೂ ಚಿಕ್ಕದಕ್ಕೆ 15 ಮೀಟರ್ ಜಾಗ ಬಿಡಬೇಕು. ಬಾಡಿಗೆಯವರಿಗೆ ಇದೆಲ್ಲ ಯಾಕೆ ಅಂತ ಕೇಳಿದವರಿದ್ದಾರೆ. ನೀರು ನುಗ್ಗಿದಾಗ ಅದು ಬಾಡಿಗೆಯವರು, ಓನರ್ ಅಂತ ನೋಡುವುದಿಲ್ಲ. ಸಾಮಾನ್ಯವಾಗಿ ಗ್ರೌಂಡ್ ಫ್ಲೋರ್‌ನಲ್ಲಿ ಇರುವುದೂ ನಾವೇ.

ನಕ್ಷೆ ನೋಡದವರಿಗೂ ಬೀದಿ ತಾನೇ ಹೇಳುತ್ತದೆ, ಕಣ್ಣು ತಗ್ಗಿಸಿ ನಡೆಯಬೇಕು ಅಷ್ಟೆ. ಕಾಂಪೌಂಡ್ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಉದ್ದಕ್ಕೂ ಮಣ್ಣಿನ ಗೆರೆ ಇದೆಯಾ? ಗೇಟಿನ ಬುಡದಲ್ಲಿ ಇಟ್ಟಿಗೆಯ ಮೊಣಕಾಲೆತ್ತರದ ಕಟ್ಟೆ ಕಟ್ಟಿದ್ದಾರಾ? ಸಂಪಿನ ಬಾಯಿ ನೆಲದಿಂದ ಎತ್ತರಿಸಿದ್ದಾರಾ? ಇವು ಮೂರೂ ಒಂದೇ ಬೀದಿಯಲ್ಲಿ ಕಂಡರೆ ಅಲ್ಲಿ ನೀರು ನುಗ್ಗಿದೆ ಅಂತಲೇ ಅರ್ಥ. ನಮಗೆ ಬಹಳ ಹಿಡಿಸಿದ್ದ ಒಂದು ಮನೆಯನ್ನು ಬಿಡಿಸಿದ್ದು ಆ ಗೆರೆಯೇ. ಮೂಲೆಯ ಇಸ್ತ್ರಿ ಅಂಗಡಿಯವರು ವಿಷಯ ಬಿಡಿಸಿ ಹೇಳಿದರು. “ಮೇಲಿನ ಕ್ರಾಸಲ್ಲಿ ಏನೂ ತೊಂದ್ರೆ ಇಲ್ಲ ಅಕ್ಕ. ಈ ಕೆಳಗಿನದರಲ್ಲಿ ಹೋದ ವರ್ಷ ಸ್ಕೂಟರ್ ಸೀಟು ತನಕ ನಿಂತಿತ್ತು.” ಎರಡು ಕ್ರಾಸಿಗೂ ನಡುವೆ ಒಂದು ಸಣ್ಣ ಇಳಿಜಾರು, ಗಾಡಿಯಲ್ಲಿ ಹೋದರೆ ಗೊತ್ತೂ ಆಗುವುದಿಲ್ಲ. ಏರಿಯಾ ಒಳ್ಳೆಯದು ಅಂದಾಕ್ಷಣ ಅದರ ಎಲ್ಲ ಕ್ರಾಸೂ ಒಳ್ಳೆಯದು ಅಂತಲ್ಲ. ಜೋರು ಮಳೆ ನಿಂತ ಅರ್ಧ ಗಂಟೆಗೆ ಹೋಗಿ ನೋಡಿದರೆ ಇನ್ನೂ ಒಳ್ಳೆಯದು. ನಾವು ರೇನ್‌ಕೋಟ್ ಹಾಕಿಕೊಂಡೇ ಹೋಗಿದ್ದೆವು.

ಓಡಾಟದ ವಿಷಯದಲ್ಲಿ ಒಂದೇ ಕಟ್ಟುನಿಟ್ಟು ಇಟ್ಟುಕೊಂಡಿದ್ದೆವು. ಓಡುತ್ತಿರುವ ಮೆಟ್ರೋ ಮಾತ್ರ ಲೆಕ್ಕಕ್ಕೆ, ‘ಬರಲಿದೆ’ ಅನ್ನುವುದು ಬೇಡ. ಬ್ರೋಕರ್‌ಗಳು ತೋರಿಸುವ ಕಂಬಗಳನ್ನು ನಂಬಿ ವರ್ಷಗಟ್ಟಲೆ ಕಾದವರು ನಮ್ಮ ಆಫೀಸಲ್ಲೇ ಇದ್ದಾರೆ. ನೇರಳೆ ಮಾರ್ಗ ಕೆಂಗೇರಿ ಆಚೆಯ ಚಲ್ಲಘಟ್ಟದಿಂದ (ಆ ಕಣಿವೆಯ ಚಲ್ಲಘಟ್ಟ ಬೇರೆ) ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡಲು ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಹತ್ತಿರ ಹತ್ತಿರ 43 ಕಿ.ಮೀ., 37 ನಿಲ್ದಾಣ. ಕೆಂಗೇರಿಯಲ್ಲಿ ಹತ್ತಿದರೆ ಕುಂದಲಹಳ್ಳಿಗೆ ಸುಮಾರು ಒಂದೂಕಾಲು ಗಂಟೆ. ದೂರ ಅನ್ನಿಸಬಹುದು. ಆದರೆ ತುದಿಯ ಹತ್ತಿರ ಹತ್ತುವುದರಿಂದ ಸೀಟು ಸಿಗುತ್ತದೆ, ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವ ಹೊತ್ತಿಗೆ ನಾನು ಕೂತು ಓದುತ್ತಿರುತ್ತೇನೆ. ಸಂಜೆ ಬರುವಾಗ ನಿಂತೇ ಬರಬೇಕು, ಅದನ್ನೂ ಹೇಳಿಬಿಡುತ್ತೇನೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿ ಆಗಿದ್ದು ನಮ್ಮಂಥ ದೂರದವರಿಗೆ ನಿಜವಾಗಿ ಹೊರೆ. ದಿನಾ ಹೋಗುವ ಹಾಗಿದ್ದರೆ ಕೆಂಗೇರಿ ಬೇಡ ಅನ್ನುತ್ತಿದ್ದೆನೋ ಏನೋ.

ಅಡ್ವಾನ್ಸ್ ಕೊಡುವ ಮೊದಲು ಒಂದು ಸೋಮವಾರ ಅಲ್ಲಿಂದಲೇ ಆಫೀಸಿಗೆ ಹೋಗಿ, ಕತ್ತಲಾದ ಮೇಲೆ ಅಲ್ಲಿಗೇ ವಾಪಸ್ ಬಂದೆ. ಭಾನುವಾರ ಮಧ್ಯಾಹ್ನ ನೋಡಿದ ದಾರಿ ಎಂಟೂವರೆ ರಾತ್ರಿಗೆ ಬೇರೆಯೇ ಆಗಿರುತ್ತದೆ. ನಿಲ್ದಾಣದಿಂದ ಮನೆತನಕ ಬೀದಿ ದೀಪ ಉರಿಯುತ್ತಿವೆಯಾ, ಫುಟ್‌ಪಾತ್ ಕಲ್ಲು ಕಿತ್ತಿದೆಯಾ, ಅಂಗಡಿ ತೆರೆದಿರುತ್ತವಾ ಅಂತ ನೋಡಿದೆ. ಒಬ್ಬಳೇ ನಡೆದು ಬರುವ ಹೆಂಗಸಿಗೆ ನಂದಿನಿ ಬೂತಿನ ಲೈಟು ದೊಡ್ಡ ಧೈರ್ಯ. ಎರಡು ದಾರಿಯಲ್ಲಿ ಹತ್ತಿರದ್ದು ಖಾಲಿ ಸೈಟುಗಳ ಪಕ್ಕ ಇತ್ತು. ಸ್ವಲ್ಪ ಸುತ್ತಿನದು ಅಂಗಡಿ ಬೀದಿ. ಆ ಅಂಗಡಿ ಬೀದಿಗೆ ಹತ್ತಿರವಾಗುವ ಮನೆಯನ್ನೇ ಹುಡುಕಿದೆವು.

ಕೆಂಗೇರಿಯ ತೊಂದರೆ ಮುಚ್ಚಿಡುವುದಿಲ್ಲ. ವೃಷಭಾವತಿ ಈಗ ಊರಿನ ಕೊಳಚೆ ಹೊತ್ತು ಹರಿಯುತ್ತಾಳೆ. ಗಾಳಿ ತಿರುಗಿದ ಸಂಜೆ ಕೆಲವು ಬೀದಿಗಳಲ್ಲಿ ಕಿಟಕಿ ತೆಗೆಯಲಾಗುವುದಿಲ್ಲ. ಬಸವನಗುಡಿಯ ದೊಡ್ಡ ಬಸವನ ಹತ್ತಿರ ಹುಟ್ಟುವ ನದಿಗೆ ಈ ಗತಿ ಬಂತಲ್ಲ ಅಂತ ಪ್ರತಿಸಲ ಹೊಟ್ಟೆ ಉರಿಯುತ್ತದೆ. ಮನೆ ಹಿಡಿಯುವ ಮುಂಚೆ ಸಂಜೆ ಹೊತ್ತು ಬೀದಿ ಬೀದಿ ತಿರುಗಿ, ವಾಸನೆ ತಟ್ಟದ ಕಡೆಯನ್ನು ಆರಿಸಿಕೊಂಡೆವು. ಇನ್ನೊಂದು, 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಭಾನುವಾರ ಸಂಜೆ ಊರಿಗೆ ಮರಳುವ ಕಾರುಗಳೆಲ್ಲ ಇಲ್ಲಿಗೆ ಬಂದು ನಿಲ್ಲುತ್ತವೆ. ಆ ಹೊತ್ತಿಗೆ ನಾವು ಗಾಡಿ ತೆಗೆಯುವುದಿಲ್ಲ.

ಅತ್ತೆಯ ವಿಷಯದಲ್ಲಿ ಇದು ತುಂಬ ಅನುಕೂಲವಾಯಿತು. ಮೈಸೂರು ಕಡೆಯ ಹಲವು ರೈಲುಗಳು ಕೆಂಗೇರಿಯಲ್ಲಿ ನಿಲ್ಲುತ್ತವೆ. ಮಂಡ್ಯದಲ್ಲಿ ಮೈದುನ ಹತ್ತಿಸುತ್ತಾನೆ, ಇಲ್ಲಿ ನಾವು ಇಳಿಸಿಕೊಳ್ಳುತ್ತೇವೆ. ಮೆಜೆಸ್ಟಿಕ್‌ನ ಮೆಟ್ಟಿಲು, ನೂಕುನುಗ್ಗಲು ಯಾವುದೂ ಇಲ್ಲ. ದೇವಸ್ಥಾನದ ಕಟ್ಟೆ ಮೇಲೆ ಅವರಿಗೆ ಮಾತಿಗೆ ಜನ ಸಿಕ್ಕಿದ್ದಾರೆ, ಎಲ್ಲ ನಮ್ಮ ಕಡೆಯ ಕನ್ನಡ. ಮೊದಲೆಲ್ಲ ಬಂದ ವಾರಕ್ಕೇ ಊರಿಗೆ ಕಳಿಸಿ ಅನ್ನುತ್ತಿದ್ದವರು ಈಗ ತಿಂಗಳುಗಟ್ಟಲೆ ಇರುತ್ತಾರೆ.

ಈಗ ನನ್ನ ಚಿಕ್ಕಮ್ಮನ ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ಅಕ್ಕ, ನಿಮ್ಮ ಹತ್ತಿರವೇ ಮನೆ ನೋಡು ಅಂತಾಳೆ. ಬೇಡ ಅಂದಿದ್ದೇನೆ. ಅವಳ ದಾರಿ ಬೇರೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಗಿದೆ, ಅವಳು ಆ ಗೆರೆಯ ಮೇಲೆಯೇ ಹುಡುಕಬೇಕು. ಶುರುವಿನಲ್ಲಿ ರೈಲು 25 ನಿಮಿಷಕ್ಕೊಂದು ಇತ್ತು, ಹಾಗಾಗಿ ಈಗಿನ ವೇಳೆಯನ್ನು ಮೊದಲು ಅವಳೇ ನಿಂತು ನೋಡಲಿ. ಜಯನಗರದ ಅಂಚಿನಲ್ಲಿ ಒಂದು ಚಿಕ್ಕ ಮನೆ, ಬೊಮ್ಮನಹಳ್ಳಿಯಲ್ಲಿ ಒಂದು ದೊಡ್ಡ ಮನೆ ಸದ್ಯಕ್ಕೆ ಪಟ್ಟಿಯಲ್ಲಿವೆ. ಎರಡರ ಏಪ್ರಿಲ್ ನೀರಿನ ಬಿಲ್ಲನ್ನೂ ತರಿಸು ಅಂತ ಹೇಳಿದ್ದೇನೆ.